ಬರೆಯುವವನ ಬೆನ್ನು

ನಮ್ಮ ವಿಮರ್ಶೆಯಲ್ಲಿ ಲೇಖಕನ ಸಂವೇದನೆ ಇದೆ, ಪ್ರಜ್ಞೆ ಇದೆ, ಅಂತರಂಗ ಇದೆ. ಅವನ ಬೆನ್ನು, ಕತ್ತು, ಕಣ್ಣು, ಹೊಟ್ಟೆ ಮಾತ್ರ ಇಲ್ಲ. ಬರವಣಿಗೆ ಮನಸ್ಸಿನ ಕೆಲಸ, ಮೈ ಇರುವುದು ಕೂಲಿಗೆ ಎಂಬ ಜಾತಿಯ ಹಳೇ ವಿಂಗಡಣೆಯೇ ಇಲ್ಲೂ ನಡೆದುಕೊಂಡು ಬಂದಿದೆ. ದಲಿತ ವಿಮರ್ಶೆಯೂ ಇದನ್ನು ಹಾಗೇ ಒಪ್ಪಿಕೊಂಡರೆ ಹೇಗೆ? ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದ್ದಲ್ಲ, ಕತ್ತುನೋವಿನಿಂದ ಹುಟ್ಟಿದ್ದು.

ಹಾಸ್ಟೆಲಿನ ನೆಲದ ಮೇಲೆ ಕೂತು, ಟ್ರಂಕನ್ನೇ ಮೇಜು ಮಾಡಿಕೊಂಡು ಬರೆಯೋದು ಕಲಿತವನು ನಾನು. ಆಮೇಲೆ ಹಗಲು ನೌಕರಿ, ಸಂಜೆ ಸಂಘಟನೆ. ಬರೆಯೋದೇನಿದ್ರೂ ರಾತ್ರಿ ಹನ್ನೊಂದರ ಮೇಲೆ. ಟೀ, ಬೀಡಿ, ಮತ್ತೆ ಟೀ. ಇಪ್ಪತ್ತು ವರ್ಷ ಹೀಗೆ ಕಳೆದ ಮೇಲೆ ಕತ್ತು ತಿರುಗದಾಯ್ತು, ಬಲಗೈ ಬೆರಳು ಜೋಮು ಹಿಡಿಯತೊಡಗಿದವು. ಊರಿಗೆ ಹೋದಾಗ ಅವ್ವನ ಮುಂದೆ ಹೇಳಿಕೊಂಡೆ. ನಾಟಿ, ಕಳೆ, ಕುಯ್ಲು ಅಂತ ಐವತ್ತು ವರ್ಷ ಬಗ್ಗಿದ ಬೆನ್ನು ಅವಳದು. 'ಕುಂತ್ರೂ ನೋಯ್ತದಾ ಮಗಾ? ಬಗ್ಗಿದ್ರೆ ಮಾತ್ರ ನೋಯ್ತದೆ ಅನ್ಕಂಡಿದ್ದೆ' ಅಂದಳು. ಅದು ಅಣಕವಲ್ಲ, ನಿಜವಾದ ಆಶ್ಚರ್ಯ. ನನಗೆ ನಾಚಿಕೆಯಾಯ್ತು. ಆ ನಾಚಿಕೆಯಲ್ಲೇ ಎರಡು ವರ್ಷ ಡಾಕ್ಟರ ಹತ್ತಿರ ಹೋಗಲಿಲ್ಲ. ಅವ್ವನ ನೋವಿನ ಎದುರು ನನ್ನದು ನೋವೇ ಅಲ್ಲ ಎಂದುಕೊಂಡೆ.

ಸಿದ್ದಲಿಂಗಯ್ಯನವರ 'ಊರುಕೇರಿ'ಯಲ್ಲಿ ಒಂದು ದೃಶ್ಯವಿದೆ. ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ; ಅವರಲ್ಲೊಬ್ಬ ತನ್ನ ಅಪ್ಪನೆಂದು ನೋಡುತ್ತಿರುವ ಹುಡುಗನಿಗೆ ತಿಳಿಯುತ್ತದೆ. ಓದುವಾಗ ನಮ್ಮ ಹೆಗಲೂ ಬಿಗಿಯುತ್ತದೆ. ಅದನ್ನು ನೆನೆದು ಬರೆಯಲು ಕೂತವರ ಮೈಗೆ ಏನಾಗಿರಬೇಡ? ಆ ಪುಸ್ತಕದ ನಗು ಸಿಟ್ಟನ್ನು ತೆಳುವಾಗಿಸಿತು ಎಂದು ನಾನೂ ಒಂದು ಕಾಲಕ್ಕೆ ವಾದಿಸಿದ್ದೆ. ಈಗ ಹಾಗನ್ನಿಸುವುದಿಲ್ಲ. ಅಂಥ ನೆನಪನ್ನು ಹೊತ್ತು ಪುಟದಿಂದ ಪುಟಕ್ಕೆ ಹೋಗಬೇಕಾದವನು ನಗದಿದ್ದರೆ ಉಸಿರಾಡುವುದೆಲ್ಲಿ? ಆ ನಗುವನ್ನು ಶೈಲಿ ಎಂದಷ್ಟೇ ಓದಿದ್ದು ನನ್ನ ತಪ್ಪು.

ಬರೆದರೆ ಮನಸ್ಸು ಹಗುರಾಗುತ್ತದೆ ಅಂತಾರೆ. ಇದಕ್ಕೆ ಪ್ರಯೋಗದ ಆಧಾರವೂ ಉಂಟು. 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಬದುಕಿನ ಆಘಾತದ ಬಗ್ಗೆ ಬರೆಸಿದ್ದರು. ನಡೆದದ್ದನ್ನೂ ಅನಿಸಿದ್ದನ್ನೂ ಬರೆದವರು ಮುಂದಿನ ಆರು ತಿಂಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರ ರಕ್ತದೊತ್ತಡ ಹೆಚ್ಚಿತ್ತು, ಮನಸ್ಸು ಕುಗ್ಗಿತ್ತು. ಹಗುರಾಗುವ ಮೊದಲು ಮೈ ಭಾರವಾಗುತ್ತದೆ ಎಂದಾಯಿತು. ಅವರಿಗೆ ಐದನೇ ದಿನ ಬರೆಯುವ ಕೆಲಸವಿರಲಿಲ್ಲ. ನಮ್ಮ ಆತ್ಮಕಥನಕಾರರಿಗೆ ಅದು ವರ್ಷಗಟ್ಟಲೆ ಉಂಟು. ಬರೆದದ್ದು ಮುಗಿದು ಹೋದ ಕತೆಯೂ ಅಲ್ಲ. ಹಾಳೆ ಮಡಚಿ ಎದ್ದು ಬಾಡಿಗೆ ಮನೆ ಹುಡುಕಲು ಹೊರಟರೆ 'ನೀವು ಯಾವ ಜನ?' ಎಂಬ ಪ್ರಶ್ನೆ ಬಾಗಿಲಲ್ಲೇ ನಿಂತಿರುತ್ತದೆ. ಗಾಯ ಮಾಡುವ ಕೈ ಹಾಗೇ ಇರುವಾಗ ಬರವಣಿಗೆಯೊಂದೇ ಮದ್ದಾಗಲಾರದು.

ಬಾಬಾಸಾಹೇಬರ ಕೊನೆಯ ವರ್ಷಗಳನ್ನು ನೋಡಿ. ಸಕ್ಕರೆ ಕಾಯಿಲೆ, ಕಾಲುನೋವು, ಮಂದವಾಗುತ್ತಿದ್ದ ಕಣ್ಣು. ಅದರ ನಡುವೆಯೇ 'ಬುದ್ಧ ಮತ್ತು ಅವನ ಧಮ್ಮ' ಬರೆದರು. 1956ರ ಡಿಸೆಂಬರ್ 6ರಂದು ತೀರಿಕೊಂಡರು. ಪುಸ್ತಕ ಬಂದದ್ದು 1957ರಲ್ಲಿ. ನಾವು ಭಾಷಣಗಳಲ್ಲಿ ಇದನ್ನು ತ್ಯಾಗ ಎಂದು ಹಾಡಿ ಹೊಗಳುತ್ತೇವೆ. ಜೊತೆಗಿದ್ದು ಶುಶ್ರೂಷೆ ಮಾಡಿದ ಸವಿತಾ ಅಂಬೇಡ್ಕರ್ ಅವರನ್ನೂ, ಹಸ್ತಪ್ರತಿ ಟೈಪು ಮಾಡಿಕೊಟ್ಟ ನಾನಕ್ ಚಂದ್ ರತ್ತು ಅವರನ್ನೂ ನೆನೆಯುವುದು ಅಪರೂಪ. ಒಂದು ಪುಸ್ತಕದ ಹಿಂದೆ ಎಷ್ಟು ಜನರ ಮೈ ದುಡಿಯುತ್ತದೆ ಎಂದು ಲೆಕ್ಕ ಹಾಕದ ವಿಮರ್ಶೆ ಅರ್ಧ ವಿಮರ್ಶೆ.

ಮೈ ಸುಟ್ಟುಕೊಂಡವನೇ ನಿಜವಾದ ಲೇಖಕ ಎಂಬ ಮಾತು ನಮ್ಮಲ್ಲೂ ಬೇರು ಬಿಟ್ಟಿದೆ. ನಿದ್ದೆಗೆಡುವುದು, ಕುಡಿಯುವುದು, ಉಪವಾಸ ಬೀಳುವುದು ಬಂಡಾಯವಲ್ಲ. ಈ ಮೈಯನ್ನು ಸವೆಸುವ ಕೆಲಸವನ್ನು ಜಾತಿ ಸಾವಿರಾರು ವರ್ಷ ಮಾಡಿದೆ. ಉಳಿದದ್ದನ್ನು ನಾವೇ ಮಾಡಿ ಮುಗಿಸಬೇಕಾ? ಹುಡುಗರಿಂದ ಕವಿತೆ, ಕರಪತ್ರ ಬರೆಸಿಕೊಳ್ಳುವ ಸಂಘಟನೆಗಳು, ಪತ್ರಿಕೆಗಳು ಅವರು ಉಂಡರಾ, ಮಲಗಿದರಾ ಅಂತಲೂ ಕೇಳಲಿ. ಸಂಭಾವನೆ ಕೊಡಲಿ. ಹಾಸ್ಟೆಲಿಗೆ ಮೇಜು, ಕುರ್ಚಿ, ಬೆಳಕು ಬೇಕು ಎಂಬುದು ಸಾಹಿತ್ಯದ ಬೇಡಿಕೆಯೂ ಹೌದು.

ಕೊನೆಗೆ ಡಾಕ್ಟರ ಹತ್ತಿರ ಹೋದೆ. ಹೋಗುವಾಗ ಅವ್ವನನ್ನೂ ಕರೆದುಕೊಂಡು ಹೋದೆ. ಬೆನ್ನು ಅಂತ ಅವಳು ಡಾಕ್ಟರಿಗೆ ತೋರಿಸಿದ್ದು ಅದೇ ಮೊದಲು. 'ಎಷ್ಟು ದಿನದಿಂದ ನೋವು?' ಎಂದು ಡಾಕ್ಟರು ಕೇಳಿದರೆ ಅವಳು ನನ್ನ ಮುಖ ನೋಡಿದಳು. ಉತ್ತರ ನನಗೂ ಗೊತ್ತಿರಲಿಲ್ಲ. ಅವಳ ಬಗ್ಗೆ ಅಷ್ಟೆಲ್ಲ ಬರೆದಿದ್ದೆ, ಇದೊಂದನ್ನು ಕೇಳಿರಲಿಲ್ಲ.