ತಳ ತೋರಿಸದ ಗೊಂಬೆ

ದೊಡ್ಡಆಲಹಳ್ಳಿಯ ನಮ್ಮ ಪಕ್ಕದ ಮನೆ ಹುಡುಗ ಒಂದು ಸಂಜೆ ಮೊಬೈಲ್ ಹಿಡಿದುಕೊಂಡು ಬಂದ. ಅಕ್ಕನ ಮಗುವಿನ ನಾಮಕರಣಕ್ಕೆ ಗಿಲಕಿ ತರಿಸಬೇಕಿತ್ತು. "ಅಣ್ಣ, ಇದು ಚನ್ನಪಟ್ಣದ್ದೇನಾ, ಒಸಿ ನೋಡಿ" ಅಂದ. ಪರದೆಯ ಮೇಲೆ ಕೆಂಪು, ಹಳದಿ, ಹಸಿರು ಪಟ್ಟಿಗಳ ಗಿಲಕಿ ಮಿರಮಿರ ಮಿಂಚುತ್ತಿತ್ತು. ಕೆಳಗೆ ಒಕ್ಕಣೆ: ವಿಂಟೇಜ್ ಚನ್ನಪಟ್ಟಣ, ಅಪ್ಪಟ ಕೈಕೆಲಸ, ನೂರಕ್ಕೆ ನೂರು ಸಹಜ ಬಣ್ಣ.

ಸಾತನೂರಿನ ಮೇಲೆ ಬಸ್ಸಿನಲ್ಲಿ ಹೋಗಿಬಂದರೆ ಚನ್ನಪಟ್ಟಣ ನಮಗೆ ಅರ್ಧ ದಿನದ ಕೆಲಸ. ಅಲ್ಲಿಯ ಸಾಮಾನನ್ನು ಇವನು ಯಾವುದೋ ಊರಿನ ಗೋದಾಮಿನಿಂದ ತರಿಸಲು ಹೊರಟಿದ್ದ. ಬೈಯೋಣವೆಂದರೆ ನನಗೆ ಬಾಯಿಲ್ಲ. ಹಿಂದಿನ ವರ್ಷ ನಾನೂ ಹೀಗೇ ಒಂದು ಡಜನ್ ಬುಗುರಿ ತರಿಸಿದ್ದೆ. ಡಬ್ಬ ಬಿಚ್ಚಿದರೆ ಹೊಸದಾಗಿ ಬಳಿದ ಕಿಟಕಿಯ ವಾಸನೆ. ಚಾಟಿ ಸುತ್ತಿ ಬೀಸಿದ ಎರಡನೇ ಸಲಕ್ಕೇ ಬಣ್ಣ ಬಿಸಿಲಿಗೆ ಸುಲಿದ ಚರ್ಮದ ಹಾಗೆ ಹಾಳೆಹಾಳೆಯಾಗಿ ಎದ್ದು ಬಂತು. ಅಂದಿನಿಂದ ಈ ಮಾರಾಟದ ಪುಟಗಳನ್ನು ಒಂದು ಸಾಹಿತ್ಯ ಪ್ರಕಾರ ಎಂದೇ ಓದುತ್ತಿದ್ದೇನೆ. ಅವು ಏನು ಹೇಳುತ್ತವೆ ಅನ್ನುವುದಕ್ಕಿಂತ ಏನನ್ನು ತೋರಿಸದೆ ಜಾರಿಕೊಳ್ಳುತ್ತವೆ ಅನ್ನುವುದರ ಮೇಲೆ ನನ್ನ ಕಣ್ಣು.

ಓದಲು ಬರಬೇಕಾದರೆ ಮೊದಲು ಕಡೆಯುವುದನ್ನು ನೋಡಿರಬೇಕು. ಒಣಗಿದ ಆಲೆಮರದ ತುಂಡನ್ನು ಲೇತಿನ ಬಾಯಿಗೆ ಕಚ್ಚಿಸಿ ತಿರುಗಲು ಬಿಟ್ಟು, ಉಳಿ ಒತ್ತಿ ಆಕಾರ ತೆಗೆಯುತ್ತಾರೆ. ಬಿಳಿ ಮರದ ಎಳೆಗಳು ತೆಂಗಿನ ತುರಿಯ ಹಾಗೆ ಚಿಮ್ಮುತ್ತವೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೇ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅದರ ಮೇಲೆ ತಾಳೆಗರಿ ಹಿಡಿದು ಉಜ್ಜಿದರೆ ಮಂಕಾಗಿದ್ದ ಬಣ್ಣ ಸಮನಾಗಿ ಹರಡಿ ಕಣ್ಣೆದುರೇ ಹೊಳಪು ಏಳುತ್ತದೆ. ಇಲ್ಲಿ ಕುಂಚವಿಲ್ಲ, ಬಣ್ಣದ ಡಬ್ಬವಿಲ್ಲ, ಒಣಗಲಿ ಎಂದು ಕಾಯುವುದೂ ಇಲ್ಲ.

ಇಷ್ಟು ಗೊತ್ತಿದ್ದರೆ ಫೋಟೊದಲ್ಲೇ ಅರ್ಧ ತೀರ್ಪು ಸಿಗುತ್ತದೆ. ಅರಗು ಹತ್ತುವುದು ತಿರುಗುವ ಮೈಗೆ ಮಾತ್ರ. ಆದ್ದರಿಂದ ಅರಗಿನ ಬಣ್ಣವೆಲ್ಲ ಒಂದು ನಡುಗೆರೆಯ ಸುತ್ತ ಬಳೆಬಳೆಯಾಗಿಯೇ ಇರಬೇಕು. ಚಪ್ಪಟೆ ಹಲಗೆಯಲ್ಲಿ ಕತ್ತರಿಸಿದ ಆನೆಯ ಮೈತುಂಬ ಬಣ್ಣವಿದ್ದರೆ ಅದು ಬಳಿದದ್ದು, ಲೇತಿನ ಅರಗಲ್ಲ. ಕಣ್ಣು, ಹುಬ್ಬು, ಹೂವಿನ ಚಿತ್ರವನ್ನು ಚನ್ನಪಟ್ಟಣದವರೂ ಕುಂಚದಿಂದಲೇ ತಿದ್ದುತ್ತಾರೆ, ಅದು ಬೇರೆ ಮಾತು. ಎರಡನೆಯದು, ಸ್ಪ್ರೇ ಬಣ್ಣ ಸಂದುಗೊಂದಿಗೆಲ್ಲ ನುಗ್ಗುತ್ತದೆ, ಕಡ್ಡಿ ಮುಟ್ಟದ ಕಡೆಗೆ ಅರಗು ಹೋಗುವುದಿಲ್ಲ. ದಾರ ಪೋಣಿಸುವ ತೂತಿನ ಒಳಗೋಡೆ ಬರಿಮರವಾಗಿದ್ದರೆ ಒಳ್ಳೆಯ ಲಕ್ಷಣ. ಅಲ್ಲಿಯೂ ಬಣ್ಣ ಇಳಿದಿದ್ದರೆ ಅನುಮಾನಿಸಿ. ಇನ್ನು ತಳ. ಕಡೆದು ಮುಗಿಸಿದ ಮೇಲೆ ಲೇತಿನಿಂದ ಬೇರ್ಪಡಿಸುವಾಗ ಉಳಿ ಬಿಟ್ಟುಹೋದ ಸಣ್ಣ ಸುತ್ತುಗೆರೆ ಅಲ್ಲಿ ಉಳಿದಿರುವುದುಂಟು. ಕಾರ್ಖಾನೆಯ ಲೇತಿನಲ್ಲೂ ಅಂಥ ಗೆರೆ ಬೀಳುತ್ತದೆ, ಹಾಗಾಗಿ ತಳ ಒಂದೇ ಸಾಕ್ಷಿ ಸಾಲದು. ಆದರೆ ಏಳು ಫೋಟೊ ಹಾಕಿ ಏಳರಲ್ಲೂ ತಳ ತೋರಿಸದಿದ್ದರೆ ನಾನು ಮುಂದಿನ ಪುಟಕ್ಕೆ ಹೋಗುತ್ತೇನೆ.

ಖೋಟಾ ಅಲ್ಲದ ಖೋಟಾಗಳೂ ಇವೆ. ಚನ್ನಪಟ್ಟಣ ಎಂದು ಹುಡುಕಿದರೆ ದಶಾವತಾರದ ಸೆಟ್ಟು, ಅಂಬಾರಿ ಆನೆ ಸಾಲುಗಟ್ಟುತ್ತವೆ. ಅವು ಎಷ್ಟೋ ಸಲ ಆಂಧ್ರದ ಕೊಂಡಪಲ್ಲಿಯವು. ಹಗುರ ಮರದಲ್ಲಿ ಕೆತ್ತಿ, ಅಂಟಿಸಿ, ಬಣ್ಣ ಬಳಿಯುವ ಆ ಕಲೆಗೆ ಲೇತಿನ ಸಂಬಂಧವಿಲ್ಲ. ನಮ್ಮದೇ ಕೊಪ್ಪಳದ ಕಿನ್ನಾಳದ ಗೊಂಬೆಗಳಿಗೂ ಇದೇ ಗತಿ. ನಿಜವಾಗಿ ಕಣ್ಣು ಕಟ್ಟುವುದು ಏಟಿಕೊಪ್ಪಾಕ. ಆಂಧ್ರದ ಆ ಊರಿನಲ್ಲೂ ಇದೇ ಜಾತಿಯ ಮರ, ಇದೇ ಅರಗು, ಇದೇ ಲೇತು. ಅದಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಫೋಟೊ ನೋಡಿ ಇವೆರಡನ್ನು ಬೇರ್ಪಡಿಸುತ್ತೇನೆ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಇಂಥ ಒಳ್ಳೆಯ ಕೆಲಸವನ್ನು ಚನ್ನಪಟ್ಟಣದ ಹೆಸರಿನಲ್ಲಿ ಮಾರಿದರೆ ಎರಡೂ ಊರಿಗೆ ಅನ್ಯಾಯ.

'ಸಹಜ ಬಣ್ಣ' ಎಂಬ ಮಾತಿಗೆ ನನ್ನ ತಕರಾರು ಅಸಲಿ ಮಾರಾಟಗಾರರ ಮೇಲೂ ಇದೆ. ಅರಿಶಿನದಿಂದ ಹಳದಿ, ಮಂಜಿಷ್ಠದಿಂದ ಕೆಂಪು, ಕಾಚಿನಿಂದ ಕಂದು, ನೀಲಿಗಿಡದಿಂದ ನೀಲಿ, ನೀಲಿಗೆ ಅರಿಶಿನ ಕೂಡಿಸಿದರೆ ಹಸಿರು. ಇವೆಲ್ಲ ಸ್ವಲ್ಪ ಮಣ್ಣಿನ ಛಾಯೆಯ, ಮೆತ್ತನೆ ಬಣ್ಣಗಳು. ಕಣ್ಣಿಗೆ ಚುಚ್ಚುವ ರಾಣಿ ಗುಲಾಬಿಯನ್ನು ತೋರಿಸಿ ಗಿಡಮೂಲದ್ದು ಎಂದರೆ ಹೇಗೆ? ಚನ್ನಪಟ್ಟಣದಲ್ಲೂ ರಾಸಾಯನಿಕ ಬಣ್ಣ ಬೆರೆಸಿದ ಅರಗು ಬಳಕೆಯಲ್ಲಿದೆ, ಆಲೆಮರ ಸಾಲದೆ ರಬ್ಬರ್ ಮರವೂ ಲೇತು ಹತ್ತುತ್ತಿದೆ. ಅದನ್ನು ನೇರವಾಗಿ ಬರೆದರೆ ಯಾವ ಮರ್ಯಾದೆಯೂ ಹೋಗುವುದಿಲ್ಲ.

'ವಿಂಟೇಜ್' ಎಂಬುದಂತೂ ದೊಡ್ಡ ತಮಾಷೆ. ಟಿಪ್ಪು ಪರ್ಷಿಯಾದ ಕುಶಲಿಗಳನ್ನು ಕರೆಸಿದ ಕಥೆಯನ್ನು ಪುಟದ ತಲೆಗೆ ಹಾಕಿ, ಕೆಳಗೆ ಹೋದ ವಾರದ ಗೊಂಬೆಯನ್ನು ಕೂರಿಸುತ್ತಾರೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜಪಾನಿನ ವಿಧಾನಗಳನ್ನು ಇಲ್ಲಿಗೆ ತಂದರೆಂದು ಊರವರು ನೆನೆಯುವ ಬಾವಾಸ್ ಮಿಯಾನ್ ಹೆಸರು ಆ ಪುಟಗಳಲ್ಲಿ ಹುಡುಕಿದರೂ ಸಿಗದು. ಕೈಯಲ್ಲಾಡಿದ ಹಳೆಯ ಆಟಿಕೆಯಲ್ಲಿ ಅರಗಿಲ್ಲದ ಬರಿಮರ ಹಳದಿಗೆ ತಿರುಗಿರುತ್ತದೆ, ಮಗು ಹಿಡಿದ ಕಡೆ ಮಾತ್ರ ಬಣ್ಣ ಸವೆದಿರುತ್ತದೆ. ಮೈತುಂಬ ಒಂದೇ ಸಮ ಸವೆದ ಗೊಂಬೆಗೆ ವಯಸ್ಸಾಗಿಲ್ಲ, ಉಜ್ಜುಕಾಗದ ಬಿದ್ದಿದೆ.

ಹಳೆಯ ಮ್ಯಾಂಡೋಲಿನ್ ಕೊಳ್ಳುವ ಅಮೆರಿಕದವರನ್ನು ಇಲ್ಲಿ ನೆನೆಯಬೇಕು. ಗಿಬ್ಸನ್ ಕಂಪನಿಯ ಎಫ್-5 ಮ್ಯಾಂಡೋಲಿನ್‌ಗಳಲ್ಲಿ 1922ರಿಂದ 1924ರವರೆಗಿನವಕ್ಕೆ ಚಿನ್ನದ ಬೆಲೆ. ವಾದ್ಯದ ಹೊಟ್ಟೆಯ ಕಂಡಿಯಲ್ಲಿ ಇಣುಕಿದರೆ ಲಾಯ್ಡ್ ಲೋರ್ ಎಂಬವನ ಸಹಿ, ತಾರೀಖು ಇರುವ ಚೀಟಿ ಕಾಣುತ್ತದೆ. ಚೀಟಿಯನ್ನೂ ಖೋಟಾ ಮಾಡುವವರಿದ್ದಾರೆ, ಒಪ್ಪೋಣ. ಆದರೆ ಅನುಮಾನ ಬಂದವನಿಗೆ ತಾಳೆ ನೋಡಲು ಒಂದು ನಂಬರು, ಒಂದು ದಿನ, ಒಬ್ಬ ಮನುಷ್ಯನ ಹೆಸರಾದರೂ ಉಂಟು. ನಮ್ಮ ಗೊಂಬೆಯ ಹೊಟ್ಟೆಯಲ್ಲಿ ಏನುಂಟು?

ಭೌಗೋಳಿಕ ಸೂಚಿ ಉಂಟಲ್ಲ ಎನ್ನಬಹುದು. ಚನ್ನಪಟ್ಟಣದ ಆಟಿಕೆ ಮತ್ತು ಗೊಂಬೆಗಳು ಆ ಮಾನ್ಯತೆ ಪಡೆದದ್ದು 2005-06ರ ಸಾಲಿನಲ್ಲಿ. ಸುಳ್ಳು ಸೂಚಿ ಹಾಕಿ ಮಾರಿದರೆ 1999ರ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡವೂ ಉಂಟು. ಆದರೆ ಆ ಸೂಚಿ ಊರಿನದು, ಕೈಯದಲ್ಲ. ಅಸಲಿ ಗೊಂಬೆ ಮಾರುವವರ ಒಕ್ಕಣೆಯನ್ನೇ ಓದಿ ನೋಡಿ: ಪರಂಪರೆ, ಕೈಕೆಲಸ, ಸಹಜ, ಮಕ್ಕಳಿಗೆ ಸುರಕ್ಷಿತ. ಈ ನಾಲ್ಕು ಪದವನ್ನು ಕದಿಯಲು ಯಾವ ಜಾಣತನ ಬೇಕು? ಯಾವ ಮರ, ಯಾವ ಬಣ್ಣ, ಯಾರ ಲೇತು ಎಂದು ಬರೆದಿದ್ದರೆ ಕದ್ದವನು ಸುಳ್ಳನ್ನು ವಿವರವಾಗಿ ಹೇಳಬೇಕಾಗುತ್ತಿತ್ತು, ವಿವರವಾದ ಸುಳ್ಳನ್ನು ಹಿಡಿಯುವುದು ಸುಲಭ. ಖೋಟಾ ಬೆಳೆಯಲು ಅಸಲಿಯವರ ಈ ಸೋಮಾರಿ ಒಕ್ಕಣೆಯೇ ಗೊಬ್ಬರ ಎಂಬುದು ನನ್ನ ದೂರು. ಇದರಲ್ಲಿ ಕಡೆಯುವವರ ತಪ್ಪಿಲ್ಲ, ಒಕ್ಕಣೆ ಬರೆಯುವುದು ಅವರಲ್ಲ.

ಹುಡುಗನಿಗೆ ಹೇಳಿದೆ, ತಳದ ಫೋಟೊ ಕಳಿಸಲು ಕೇಳು ಅಂತ. ಕೇಳಿದ. ಎರಡು ದಿನದ ಮೇಲೆ ಉತ್ತರ ಬಂತು, ಹತ್ತು ಪರ್ಸೆಂಟ್ ರಿಯಾಯಿತಿಯ ಕೂಪನ್. "ಬಿಡಣ್ಣ, ಹೋಗೇ ಬರೋಣ" ಅಂದ.

ಭಾನುವಾರ ಬೆಳಿಗ್ಗೆ ಹೊರಟೆವು. ಹೊಸ ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿ ಹೋದ ಮೇಲೆ ಹಳೇ ಹೆದ್ದಾರಿಯ ಗೊಂಬೆ ಅಂಗಡಿಗಳಲ್ಲಿ ಮೊದಲಿನ ಗಿಜಿಗಿಜಿ ಇಲ್ಲ. ನಾವು ಹೊಕ್ಕ ಅಂಗಡಿಯಲ್ಲಿ ಮರದ ಸಾಮಾನಿನ ಪಕ್ಕದಲ್ಲೇ ಪ್ಲಾಸ್ಟಿಕ್ ಕಾರುಗಳೂ ತೂಗಾಡುತ್ತಿದ್ದವು. ಹುಡುಗ ಗಿಲಕಿ ಎತ್ತಿಕೊಂಡವನೇ ಮೊದಲು ತಿರುಗಿಸಿ ತಳ ನೋಡಿದ. ನಾಣ್ಯದಷ್ಟಗಲ ಬರಿಮರ, ನಡುವೆ ಉಳಿಯ ಸುತ್ತುಗೆರೆ. ಹಿಡಿಯ ಸಂದಿನಲ್ಲಿ ಅರಗು ತಾಗದ ಬಿಳಿ ಎಳೆ. ನನ್ನ ಕಡೆ ನೋಡಿ ತಲೆಯಾಡಿಸಿದ.

ಯಾರು ಕಡೆದದ್ದು ಇದು ಎಂದು ಅಂಗಡಿಯವರನ್ನು ಕೇಳಿದೆ.

"ನಮ್ಮೋರೇ ಸಾರ್."

"ಹೆಸರು?"

ಅವರು ನಕ್ಕು ಬಿಲ್ಲು ಹರಿದುಕೊಟ್ಟರು. ಅದರಲ್ಲಿ ಬರೆದಿತ್ತು: ಗೊಂಬೆ, 1.