ಸೂತ್ರ ಒಂದು, ಭಾಷ್ಯ ಹಲವು

ಮೈಸೂರಿನಲ್ಲಿ ನಮ್ಮ ಬಡಾವಣೆಯ ಹೆಂಗಸರು ತಿಂಗಳಿಗೊಮ್ಮೆ ಸೇರುತ್ತೇವೆ. ಹೋದ ಸಲ ಬಂದಿದ್ದ ಭಾಷಣಕಾರರು, "ನೋಡುವವರಿಲ್ಲದಿದ್ದರೆ ಜಗತ್ತೇ ಇಲ್ಲ, ಬೆಂಗಳೂರಿನವರು ಪ್ರಯೋಗ ಮಾಡಿಯೇ ಇದನ್ನು ಸಾಧಿಸಿದ್ದಾರೆ" ಎಂದುಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ ನಾನೂ ತಟ್ಟಿದೆ. ಆ ಚಪ್ಪಾಳೆ ಇನ್ನೂ ನನ್ನನ್ನು ಚುಚ್ಚುತ್ತಿದೆ.

ಪ್ರಯೋಗವೇನೋ ನಿಜ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಊರ್ಬಶಿ ಸಿನ್ಹಾ ಅವರ ತಂಡ ಕೋಲ್ಕತ್ತದ ದೀಪಂಕರ್ ಹೋಮ್ ಅವರೊಂದಿಗೆ ಸೇರಿ ಮಾಡಿದ್ದು, 2022ರಲ್ಲಿ ಪ್ರಕಟವಾಯಿತು. ಅದರ ಬೇರು 1985ರಷ್ಟು ಹಿಂದಿನದು. ವಸ್ತುವೊಂದು ಪ್ರತಿ ಕ್ಷಣವೂ ಒಂದು ಖಚಿತ ಸ್ಥಿತಿಯಲ್ಲೇ ಇದ್ದರೆ, ಅದನ್ನು ಕದಲಿಸದೆ ನೋಡುವುದೂ ಸಾಧ್ಯವಿದ್ದರೆ, ಬೇರೆ ಬೇರೆ ಹೊತ್ತಿನ ಅಳತೆಗಳ ಒಂದು ಲೆಕ್ಕ 1ನ್ನು ದಾಟಬಾರದು ಎಂದು ಲೆಗೆಟ್ ಮತ್ತು ಅನುಪಮ್ ಗರ್ಗ್ ತೋರಿಸಿದ್ದರು. ಕ್ವಾಂಟಂ ಲೆಕ್ಕ 1.5ರವರೆಗೂ ಹೋಗಬಲ್ಲದು.

ಕದಲಿಸದೆ ನೋಡುವುದು ಹೇಗೆ? ಮುಂಬಾಗಿಲಿಗೆ ಅಗುಳಿ ಹಾಕಿದ್ದೇನೆ, ಹಾಲಿನ ಪ್ಯಾಕೆಟ್ಟು ಅಡುಗೆಮನೆಯ ಕಟ್ಟೆಯ ಮೇಲಿದೆ. ಅಂದ ಮೇಲೆ ಹುಡುಗ ಹಿತ್ತಲಿನಿಂದ ಬಂದ. ನಾನು ಅವನನ್ನು ನೋಡಲಿಲ್ಲ, ಮಾತಾಡಿಸಲೂ ಇಲ್ಲ. ಬೆಂಗಳೂರಿನಲ್ಲೂ ಬೆಳಕಿನ ಒಂದೊಂದೇ ಕಣಕ್ಕೆ ಎರಡು ದಾರಿ ಕೊಟ್ಟು, ಒಂದಕ್ಕೆ ಅಡ್ಡ ಇಟ್ಟು, ಹೀಗೆಯೇ ಊಹಿಸಿದರು. ನುಣುಚಿಕೊಳ್ಳುವ ದಾರಿಗಳನ್ನೆಲ್ಲ ಮುಚ್ಚಿದ ಮೇಲೂ ಲೆಕ್ಕ 1ನ್ನು ದಾಟಿತು.

ಗಮನಿಸಿ, ಅಲ್ಲಿ ನೋಡಿದ್ದು ಯಾರ ಕಣ್ಣೂ ಅಲ್ಲ. ಒಂದು ಅಡ್ಡ, ಒಂದಷ್ಟು ಯಂತ್ರ, ಅಷ್ಟೆ. "ನೋಡುವವರು" ಎಂಬ ಮಾತು ಎಲ್ಲಿಂದ ಬಂತೋ!

ಬಿದ್ದುಹೋದದ್ದು ಆ ಎರಡು ನಂಬಿಕೆಗಳ ಜೋಡಿ. ಅವೆರಡರಲ್ಲಿ ಯಾವುದು ಸುಳ್ಳೆಂದು ಪ್ರಯೋಗ ಹೇಳುವುದಿಲ್ಲ. 1952ರ ಡೇವಿಡ್ ಬೋಮ್ ಅವರ ಮಾತನ್ನೇ ತೆಗೆದುಕೊಳ್ಳಿ. ಕಣ ಯಾವಾಗಲೂ ಒಂದೇ ದಾರಿಯಲ್ಲಿರುತ್ತದೆ, ಅದನ್ನು ನಡೆಸುವ ಅಲೆ ಮಾತ್ರ ಎರಡರಲ್ಲೂ ಹರಿಯುತ್ತದೆ ಎನ್ನುತ್ತಾರೆ ಅವರು. ಒಂದು ಬಾಗಿಲು ಹಾಕಿದರೆ ಮನೆಯೊಳಗಿನ ಗಾಳಿಯ ಓಟವೇ ಬದಲಾಗುವುದಿಲ್ಲವೆ? ಅಡ್ಡ ಇಟ್ಟಾಗ ಅಲೆಯೂ ಬದಲಾಯಿತು. ಬೋಮ್ ಪ್ರಯೋಗದಿಂದ ಕೂದಲೂ ಕೊಂಕದೆ ಹೊರಬರುತ್ತಾರೆ. ಬೋರ್ ಅವರ ಕೋಪನ್‌ಹೇಗನ್ ಪಂಥವೂ ಅಷ್ಟೆ, 1957ರಲ್ಲಿ ಎವರೆಟ್ ಹೇಳಿದ ಹಲವು ಲೋಕಗಳೂ ಅಷ್ಟೆ.

ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುತ್ತಿರುವ ನನ್ನ ತಂಗಿಯ ಮಗಳು ನಕ್ಕಳು: "ದೊಡ್ಡಮ್ಮ, ನಿಮ್ಮ ಆಚಾರ್ಯತ್ರಯರ ಹಾಗೆ. ಸೂತ್ರ ಒಂದೇ, ಭಾಷ್ಯ ಮೂರು. ಸೂತ್ರದಿಂದ ಬರುವ ಲೆಕ್ಕ ಒಂದೇ ಆದಮೇಲೆ ಪ್ರಯೋಗ ಯಾರ ಕಡೆ ಸಾಕ್ಷಿ ಹೇಳಬೇಕು?"

ಹಾಗಾದರೆ ಎಲ್ಲವೂ ಅವರವರ ಭಾವಕ್ಕೆ ಬಿಟ್ಟದ್ದೇ? ಇಲ್ಲಿಯೂ ನಾವು ಸುಲಭಕ್ಕೆ ಜಾರುತ್ತೇವೆ. ಸೂತ್ರವನ್ನೇ ತಿದ್ದಿದವರೂ ಇದ್ದಾರೆ. ಅಲೆ ತಾನಾಗಿಯೇ ಆಗೊಮ್ಮೆ ಈಗೊಮ್ಮೆ ಕುಸಿಯುತ್ತದೆ ಎಂದು 1986ರಲ್ಲಿ ಗಿರಾರ್ಡಿ, ರಿಮಿನಿ, ವೆಬರ್ ಸಮೀಕರಣವನ್ನೇ ಬದಲಿಸಿದರು. ಡಿಯೋಸಿ ಮತ್ತು ಪೆನ್‌ರೋಸ್ ಆ ಕುಸಿತವನ್ನು ಗುರುತ್ವಾಕರ್ಷಣೆಯ ತಲೆಗೆ ಕಟ್ಟಿದರು. ತಿದ್ದಿದರೆ ಲೆಕ್ಕ ಬೇರೆ. ಲೆಕ್ಕ ಬೇರೆಯಾದರೆ ಸಿಕ್ಕಿಬೀಳಬಹುದು. ಹೀಗೆ ಕುಸಿಯುವಾಗ ಸಣ್ಣ ವಿಕಿರಣ ಹೊಮ್ಮಬೇಕೆಂದು ಹುಡುಕಲು ಇಟಲಿಯ ಗ್ರಾನ್ ಸಾಸೋ ಬೆಟ್ಟದಡಿಯ ಪ್ರಯೋಗಾಲಯದಲ್ಲಿ ಯಂತ್ರವಿಟ್ಟು ಕಾದರು. (ಆಕಾಶದಿಂದ ಸುರಿಯುವ ಕಣಗಳ ಕಾಟ ತಪ್ಪಿಸಲು ನೆಲದಡಿಗೆ ಹೋಗುವುದು ನಮಗೂ ಹೊಸದಲ್ಲ, ಕೋಲಾರದ ಗಣಿಯಲ್ಲಿ 1965ರಲ್ಲೇ ನ್ಯೂಟ್ರಿನೋ ಗುರುತು ಸಿಕ್ಕಿತ್ತು.) ನಿರೀಕ್ಷಿಸಿದಷ್ಟು ವಿಕಿರಣ ಬರಲಿಲ್ಲ. 2020ರಲ್ಲಿ ಆ ಸಿದ್ಧಾಂತದ ಅತಿ ಸರಳ ರೂಪವನ್ನು ಕೈಬಿಡಬೇಕಾಯಿತು.

ನನಗೆ ಈ ಸೋತವರ ಮೇಲೆಯೇ ಗೌರವ ಹೆಚ್ಚು. ಸೋಲಲು ಸಾಧ್ಯವಾಗುವ ಹಾಗೆ ಮಾತಾಡಿದ್ದರು. ನಮ್ಮ ಭಾಷಣಕಾರರ ಮಾತನ್ನು ಯಾವ ಬೆಟ್ಟದಡಿ ಇಟ್ಟು ಕಾಯುವುದು?

"ನಿನಗೆ ಯಾವ ಭಾಷ್ಯ ಸರಿ ಅನ್ನಿಸುತ್ತೆ?" ಎಂದು ಹುಡುಗಿಯನ್ನು ಕೇಳಿದೆ.

"ಬೋಮ್ ಇಷ್ಟ, ದೊಡ್ಡಮ್ಮ. ಆದರೆ ಪರೀಕ್ಷೆಯಲ್ಲಿ ಕೋಪನ್‌ಹೇಗನ್ನೇ ಬರೆಯೋದು. ಅಂಕ ಬೇಕಲ್ಲ!"