ಐವತ್ತು ಪೈಸೆಯ ಕಾರ್ಡಿನ ಮೇಲೆ ನಾರಾಯಣ ಡೋಣಿ

ಏಪ್ರಿಲ್ ಬಂತೆಂದರೆ ನನಗೆ ವೆಸ್ಟ್‌ಪೆಕ್ಸ್ ಜಾತ್ರೆ. ಪಾಲೋ ಆಲ್ಟೋದಿಂದ ಅದು ನಡೆಯುವ ಬರ್ಲಿಂಗೇಮ್ ದೂರವೇನಲ್ಲ. ಈ ಅಂಚೆಚೀಟಿ ಮೇಳದಲ್ಲಿ ಬಹಳ ಜನ ಚೀಟಿಗಳ ಆಲ್ಬಮ್ ತಿರುವಿದರೆ, ನಾನು ಮೇಜಿನಡಿಯ ರಟ್ಟಿನ ಪೆಟ್ಟಿಗೆಗೆ ಕೈಹಾಕುತ್ತೇನೆ. ನನಗೆ ಬೇಕಾದದ್ದು ಬೆಲೆಯ ಮುದ್ರೆಯನ್ನು ಅಂಚೆಯವರೇ ಅಚ್ಚು ಹಾಕಿದ ಲಕೋಟೆ, ಕಾರ್ಡು, ಇನ್‌ಲ್ಯಾಂಡ್ ಲೆಟರ್. ಅದರಲ್ಲೂ ಯಾರೋ ಬರೆದು ಕಳಿಸಿ, ಮೊಹರು ಬಿದ್ದು, ಅಂಚು ಸವೆದದ್ದು.

ಹಾಗೆ ಸಿಕ್ಕಿತು ಒಂದು ಸೋವಿಯತ್ ಲಕೋಟೆ. ಎಡಬದಿಗೆ ಕತ್ತರಿಸಿದ ಕೂದಲಿನ ಹುಡುಗಿ, ಜೋಯಾ ಕೊಸ್ಮೊದೆಮ್ಯಾನ್‌ಸ್ಕಾಯಾ. 1941ರ ನವೆಂಬರ್ 29ರಂದು ಜರ್ಮನ್ ಸೈನಿಕರು ಗಲ್ಲಿಗೇರಿಸಿದಾಗ ಅವಳಿಗೆ 18. ಯುದ್ಧ ಮುಗಿಯುವ ಮೊದಲೇ ಅವಳ ಅಂಚೆಚೀಟಿ ಬಂದಿತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಲಕೋಟೆಯ ಬಲಬದಿ: ನೇರಳೆ ಶಾಯಿಯಲ್ಲಿ ಅವಸರದಿಂದ ಗೀಚಿದ ಮನೆಯ ವಿಳಾಸ. ಜೋಯಾ ಯಾರದೋ ಕುಶಲ ಸಮಾಚಾರ ಹೊತ್ತು ಯಾರದೋ ಬಾಗಿಲಿಗೆ ಹೋಗಿದ್ದಳು. ಹುತಾತ್ಮರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚದು.



ಅದೇ ಯುದ್ಧಕಾಲದಲ್ಲಿ ನಮ್ಮಲ್ಲಿ ಕ್ವಿಟ್ ಇಂಡಿಯಾ ಚಳವಳಿ. ತಂತಿ ಕತ್ತರಿಸಿದವರು, ಹಳಿ ಕಿತ್ತವರು ಬಹುಪಾಲು ಎಳೆಯರೇ. ಸಿಂಧ್‌ನ ಸಕ್ಕರ್‌ನಲ್ಲಿ ರೈಲು ಹಳಿ ತಪ್ಪಿಸಲು ಹೋಗಿ ಸಿಕ್ಕಿಬಿದ್ದ ಹೇಮು ಕಲಾನಿಯನ್ನು 1943ರ ಜನವರಿ 21ರಂದು ಗಲ್ಲಿಗೇರಿಸಿದರು, ಅವನಿಗಿನ್ನೂ 19. ಅವನ ಅಂಚೆಚೀಟಿ ಬಂದದ್ದು 1983ರಲ್ಲಿ. ಹದಿನೆಂಟರಲ್ಲೇ ಗಾಂಧೀಜಿಯ ಜೊತೆ ದಂಡಿಗೆ ನಡೆದಿದ್ದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ಬಿದ್ದವರು ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಮಹಾದೇವಪ್ಪನವರ ಚೀಟಿಯೂ ಬಂದಿದೆ, ಸಂತೋಷ.

ಇವರೆಲ್ಲರಿಗಿಂತ ಚಿಕ್ಕವನು ಹುಬ್ಬಳ್ಳಿಯ ನಾರಾಯಣ ಡೋಣಿ. 1942ರ ಆಗಸ್ಟ್‌ನಲ್ಲಿ ಗುಂಡೇಟು ತಿಂದು ಸತ್ತಾಗ ಶಾಲೆಗೆ ಹೋಗುವ ವಯಸ್ಸು. ಇಂಥವರ ನೆನಪಿಗೆ ಅಂಚೆಯವರು ತರುವ ವಿಶೇಷ ಲಕೋಟೆ ಸಾಲದು. ಅದು ಬಿಡುಗಡೆಯ ವೇದಿಕೆಯಿಂದ ನೇರ ನಮ್ಮಂಥ ಸಂಗ್ರಾಹಕರ ಆಲ್ಬಮ್ ಸೇರುತ್ತದೆ, ಊರು ಕಾಣುವುದಿಲ್ಲ. ಐವತ್ತು ಪೈಸೆಯ ಕಾರ್ಡು ಹಾಗಲ್ಲ. ಪೋಸ್ಟ್‌ಮನ್ ಓದುತ್ತಾನೆ, ಪಕ್ಕದ ಮನೆಯವರು ಓದುತ್ತಾರೆ, ಅಜ್ಜಿ ಕನ್ನಡಕ ಏರಿಸಿ ಚಿತ್ರ ನೋಡಿ "ಯಾರೋ ಈ ಹುಡುಗ?" ಎಂದು ಕೇಳುತ್ತಾಳೆ.

ಕರ್ನಾಟಕ ಅಂಚೆ ವೃತ್ತದವರಲ್ಲಿ ನನ್ನ ಬೇಡಿಕೆ ಇಷ್ಟೇ: ನಾರಾಯಣನ ಮುಖವನ್ನು ಸಾದಾ ಕಾರ್ಡಿನ ಮೇಲೆ ಅಚ್ಚು ಹಾಕಿಸಿ, ಮೊದಲ ಕಟ್ಟನ್ನು ಹುಬ್ಬಳ್ಳಿಯ ಶಾಲೆಗಳಿಗೆ ಕೊಡಿ.